ನೂಲಿನಷ್ಟು ಸಣ್ಣಗೆ

ಬೇಯಿಸಿದ ಚಿಕನ್ನನ್ನು ನೂಲಿನಷ್ಟು ಸಣ್ಣಗೆ, ಎಳೆ ಎಳೆಯಾಗಿ ಬಿಡಿಸುತ್ತಿದ್ದ ದರ್ಜಿ. ಪಕ್ಕದಲ್ಲಿ ಮಗಳು ಗಟ್ಟಿ ಮೊಸರಿಗೆ ಸೌತೆಕಾಯಿ ಹೆಚ್ಚಿ ಹಾಕಿ, ತೆಳ್ಳನೆಯ ರೊಟ್ಟಿಗಳನ್ನು ಬಿಸಿ ಮಾಡಿ, ರ್ಯಾಪ್ ಸುತ್ತಲು ಕಾದು ಕಾದು ಸುಸ್ತಾಗಿದ್ದಳು.

"ಸಾಕು ಬಿಡಪ್ಪ, ಇನ್ನೂ ಬಿಡಿಸಿದ್ರೆ ಸೂಜಿಗೇ ಪೋಣಿಸಬಹುದು! ನಮಗೇನು ಹಲ್ಲಿಲ್ವಾ?"

ದರ್ಜಿ ನಗಲು ಹೋದ. ಕೈ ಬಟ್ಟಲಲ್ಲೇ ನಿಂತುಬಿಟ್ಟಿತು. ಗಂಟಲಿನ ಕಾಯಿಲೆ ಬಂದ ಮೇಲೆ ಅವನ ಹೆಂಡತಿಗೆ ದಪ್ಪ ತುಂಡು ಇಳಿಯುತ್ತಿರಲಿಲ್ಲ. ಅವಳು ತೀರಿಕೊಂಡು ತಿಂಗಳಾಗಿದ್ದರೂ ಅವನ ಬೆರಳುಗಳಿಗೆ ಅದನ್ನು ಯಾರೂ ಹೇಳಿರಲಿಲ್ಲ.

ಮಗಳು ಅಪ್ಪನ ಮುಖ ನೋಡಿದಳು. ತನಗೆಂದು ಬದಿಗಿಟ್ಟುಕೊಂಡಿದ್ದ ದಪ್ಪ ತುಂಡುಗಳನ್ನೂ ತಂದು ಅವನ ಬಟ್ಟಲಿಗೆ ಸುರಿದಳು.

"ಇದನ್ನೂ ಬಿಡಿಸಪ್ಪ," ಎಂದಳು. "ಸಣ್ಣಗೇ ಇರಲಿ. ನನಗೂ ಗಂಟಲಲ್ಲಿ ಏನೂ ಇಳೀತಿಲ್ಲ."