ಸುಣ್ಣ ಮೆತ್ತಿದ ಕೈ

ನನ್ನ ಮೊಮ್ಮಗಳ ಬೆರಳಿನ ನರಹುಲಿಗಳೆಲ್ಲ ಹೋದವು, ಇನ್ನು ಔಷಧಿ ಬೇಡ ಎಂದು ಕಲಬುರಗಿಯ ಡಾಕ್ಟರು ಇವತ್ತು ಹೇಳಿಬಿಟ್ಟರು; ನನಗೆ ಹಿಗ್ಗು ತಡೆಯಲಾಗುತ್ತಿಲ್ಲ, ಆದರೂ ಆ ಔಷಧಿಯ ಘಾಟು ಮೂಗಿಗೆ ಬಡಿದರೆ ಕಮಲಾಪುರದ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಆಗ ನಾನಿನ್ನೂ ಸಣ್ಣ ಹುಡುಗಿ, ನನ್ನ ಎರಡೂ ಕೈ ತುಂಬ ನರಹುಲಿ. ಹಿಟ್ಟಿನ ಹತ್ತಿರ ಹೋದರೆ ಸಾಕು, ಚಿಕ್ಕಮ್ಮ ಹಿಟ್ಟು ನಾದುವ ಪರಾತ ಸರಿಸಿಬಿಡುತ್ತಿದ್ದಳು. "ಮುಟ್ಟಬ್ಯಾಡ. ನಿನ್ನ ಕೈ ರೊಟ್ಟಿ ಯಾರು ತಿಂತಾರ?"

ಅವತ್ತು ಎಲ್ಲರೂ ಹೊಲಕ್ಕೆ ಹೋದ ಮೇಲೆ ಅಜ್ಜಿಯ ಎಲೆ ಅಡಿಕೆ ಚೀಲದಿಂದ ಸುಣ್ಣ ತೆಗೆದೆ. ಬಟ್ಟೆ ಒಗೆಯುವ ಸೋಡಾ ಕಲಸಿ ಬಲಗೈ ಬೆರಳಿಗೆಲ್ಲ ದಪ್ಪಗೆ ಮೆತ್ತಿಕೊಂಡೆ. ಉರಿ ಹತ್ತಿತು. ನರಹುಲಿ ಸುಟ್ಟೇ ಹೋಗಲಿ ಎಂದು ಹಲ್ಲು ಕಚ್ಚಿ ಕುಳಿತೆ.

ಅಜ್ಜಿ ಬಂದು ನೋಡುವಷ್ಟರಲ್ಲಿ ಚರ್ಮ ಬೆಳ್ಳಗೆ ಸುಲಿದಿತ್ತು. ಕೈ ಮೇಲೆ ಕೊಡ ಕೊಡ ನೀರು ಸುರಿಯುತ್ತ ಬೈದಳು. "ಕಡ್ಡಿ ತುದಿಲೆ ಒಂದು ಚುಕ್ಕಿ ಇಡ್ತಾರ. ನೀ ಗ್ವಾಡಿಗಿ ಬಳದಂಗ ಬಳಕೊಂಡಿ."

"ಆಯಿ, ಇವು ಹೋಗಲಿಲ್ಲಂದ್ರ ಕೈನೇ ಕಡದು ಒಗಿ," ಎಂದು ಅಜ್ಜಿಯ ಮುಂದೆ ಅತ್ತುಬಿಟ್ಟೆ. ಅವಳು ಬೈಯುವುದನ್ನು ನಿಲ್ಲಿಸಿದಳು.

ಸಂಜೆ ಬಟ್ಟೆ ಸುತ್ತಿದ ಬಲಗೈ ಎತ್ತಲು ಆಗುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಎಡಗೈಯಿಂದ ಯಾರೂ ಬಡಿಸುವುದಿಲ್ಲ. ಆದರೆ ಎಲ್ಲರೂ ಊಟಕ್ಕೆ ಕುಳಿತಾಗ ಅಜ್ಜಿ ರೊಟ್ಟಿಯ ಬುಟ್ಟಿಯನ್ನು ನನ್ನ ಮುಂದಿಟ್ಟು ತನ್ನ ತಾಟು ಚಾಚಿದಳು. "ಎಡಗೈಲೆ ಹಾಕವ್ವ, ಹಸಿವಾಗ್ಯಾದ."

ನರಹುಲಿಯ ಆ ಕೈಯಿಂದ ಹಾಕಿದೆ. ಅವಳು ಮುರಿದು ತಿಂದಳು. ಆಮೇಲೆ ಅಪ್ಪ ತಾಟು ಚಾಚಿದ, ಅವ್ವ ಚಾಚಿದಳು. ಕೊನೆಗೆ ಚಿಕ್ಕಮ್ಮನೂ ತಾಟು ಮುಂದೆ ಸರಿಸಿ, "ನನಗೂ ಒಂದು ಹಾಕು," ಎಂದಳು. ಎಲ್ಲರೂ ಕೂಡಿ ಉಂಡೆವು.