ಗುಂಡನ ಕೇಸ್ ಶೀಟ್

ಹೆಂಡತಿ ಖಾಲಿ ಚಾಕೊಲೇಟ್ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದಾಗ ಪಶುವೈದ್ಯರು ಸಕ್ಕರೆಯಿಲ್ಲದ ಟೀಗೆ ಮುಖ ಸಿಂಡರಿಸುತ್ತಿದ್ದರು.

"ರೀ, ಇದು ಗುಂಡನ ಬುಟ್ಟಿ ಅಡಿ ಸಿಕ್ತು. ಹನ್ನೆರಡು ತುಂಡಿದ್ವು. ಈಗ ಒಂದೂ ಇಲ್ಲ!"

ಗುಂಡ ಆ ಆಸ್ಪತ್ರೆಯ ಸಾಕುಬೆಕ್ಕು. ಆರು ವರ್ಷದ ಹಿಂದೆ ಯಾರೋ ಬಾಗಿಲಲ್ಲಿ ಬಿಟ್ಟುಹೋದದ್ದು, ಈಗ ಮೇಲಧಿಕಾರಿಯ ಗತ್ತಿನಲ್ಲಿ ಓಡಾಡುತ್ತಿತ್ತು. ವೈದ್ಯರಿಗೆ ಅದೆಂದರೆ ಪ್ರಾಣ. ಗೋಡೆಯ ಮೇಲೆ ಅವರೇ ಕೆಂಪು ಶಾಯಿಯಲ್ಲಿ ಬರೆದ ಬೋರ್ಡಿತ್ತು: 'ಬೆಕ್ಕಿಗೆ ಕೊಡಬೇಡಿ: ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಕಾಫಿ, ಚಾಕೊಲೇಟ್.'

"ಒಳಗೆ ಒಣದ್ರಾಕ್ಷಿ ಬೇರೆ ಇತ್ತು. ಯಾರು ಕೊಟ್ರೋ!" ಎಂದರು ಆಕೆ.

"ನಾನಲ್ಲಮ್ಮಾ!" ಎಂದ ಕಾಂಪೌಂಡರ್. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ವಭಾವ ಅವನದು. ವೈದ್ಯರು ಅವನನ್ನೇ ದುರುಗುಟ್ಟಿ ನೋಡಿದರು.

ಅಲ್ಲಿ ಕೇಸ್ ಶೀಟ್ ಬರೆಯುವವರು ಹೆಂಡತಿ, ಓದದೆ ಸಹಿ ಹಾಕುವವರು ಗಂಡ. ಹದಿನೆಂಟು ವರ್ಷದಿಂದ ಅದೇ ರೂಢಿ. ಆಕೆ ಪೆನ್ನು ತೆಗೆದರು.

"ವಯಸ್ಸು ಬರೀಲಾ?"

"ಬರಿ. ನಿಂಗೆ ಗೊತ್ತಿಲ್ಲದ್ದಾ?"

"ತೂಕ?"

"ಮೊನ್ನೆ ತಾನೇ ನೋಡಿದ್ಯಲ್ಲ."

"ಮೊನ್ನೆಗಿಂತ ಜಾಸ್ತಿನೇ ಆಗಿರುತ್ತೆ ಬಿಡಿ."

ಸಹಿ ಬಿತ್ತು.

"ಇನ್ನು ತಡ ಮಾಡ್ಬೇಡಿ. ವಾಂತಿ ಮಾಡ್ಸಿ."

"ಅವಸರ ಏನು? ಚುರುಕಾಗೇ ಇದ್ದಾನಲ್ಲ."

"ಬೇರೆಯವರ ಬೆಕ್ಕಾಗಿದ್ರೆ ಇಷ್ಟೊತ್ತಿಗೆ ಸೂಜಿ ಚುಚ್ಚಿರ್ತಿದ್ರಿ. ನಮ್ಮ ಗುಂಡ ಸತ್ರೂ ಪರವಾಗಿಲ್ವಾ?"

ಕಾಂಪೌಂಡರ್ ಗುಂಡನನ್ನು ತಂದು ಮೇಜಿನ ಮೇಲೆ ಒತ್ತಿ ಹಿಡಿದ. ಅದು ಆಟವೆಂದುಕೊಂಡು ಅವನ ಅಂಗಿತೋಳಿನ ಗುಂಡಿ ಕಚ್ಚತೊಡಗಿತು. ಬೆಕ್ಕಿಗೆ ಚೆಲ್ಲಾಟ, ವೈದ್ಯರಿಗೆ ಪ್ರಾಣಸಂಕಟ. ವಾಂತಿ ಮಾಡಿಸುವ ಔಷಧಿ ಒಳಗೆ ಹೋದರೆ ಗುಂಡ ಕಕ್ಕಿ ಕಕ್ಕಿ ಸುಸ್ತಾಗಿ ಬೀಳುತ್ತದೆಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸಿರಿಂಜ್ ಎತ್ತಿದವರು ಮತ್ತೆ ಕೆಳಗಿಳಿಸಿದರು. ಗುಂಡ ಕತ್ತು ಚಾಚಿ ಅವರ ಹೆಬ್ಬೆರಳು ನೆಕ್ಕಲು ಬಂತು. ವೈದ್ಯರು ಬಿಸಿ ತಾಗಿದವರಂತೆ ಕೈ ಹಿಂದೆಳೆದುಕೊಂಡರು.

"ನೆಕ್ಬೇಡ ಕಣೋ, ಚಾಕೊಲೇಟ್ ಅಂಟಿದೆ!" ಎಂದು ಕೂಗಿಯೇಬಿಟ್ಟರು. "ಬಿಡೋ ಅದನ್ನ! ಅದು ತಿಂದಿಲ್ಲ. ತಿಂದೋನೂ ನಾನೇ, ಡಬ್ಬಿ ಬಚ್ಚಿಟ್ಟೋನೂ ನಾನೇ!"

ಕಾಂಪೌಂಡರ್ ಹಿಡಿತ ಬಿಟ್ಟ. ಗುಂಡ ಮೈ ಕೊಡವಿ ಕೆಳಗೆ ಹಾರಿತು. ಹೆಂಡತಿಗೆ ಮಾತ್ರ ಆಶ್ಚರ್ಯವೇನೂ ಆದಂತಿರಲಿಲ್ಲ. ಅವರು ಬ್ಯಾಗಿನಿಂದ ಸಕ್ಕರೆ ಪರೀಕ್ಷೆಯ ಯಂತ್ರ ತೆಗೆದು, "ಬೆರಳು ಕೊಡಿ" ಎಂದರು.

ವೈದ್ಯರು ತಲೆ ತಗ್ಗಿಸಿ ಬೆರಳು ಚಾಚಿದರು. "ಗುಂಡನ ಕೇಸ್ ಶೀಟ್ ಆದ್ರೂ ಹರಿದು ಹಾಕೇ."

"ಗುಂಡಂದು ನಾನು ಬರೆದೇ ಇಲ್ವಲ್ಲ!" ಎಂದು ಆಕೆ ಹಾಳೆಯನ್ನು ಅವರತ್ತ ತಿರುಗಿಸಿದರು.

ಸಹಿಯ ಮೇಲೆ ಹೀಗಿತ್ತು: 'ವಯಸ್ಸು: ಐವತ್ತೆಂಟು. ತೂಕ: ಎಂಬತ್ತನಾಲ್ಕು ಕಿಲೋ. ಲಕ್ಷಣ: ಮೀಸೆಯ ತುಂಬ ಚಾಕೊಲೇಟ್.'