ಕುರಿ ಕಾಲಿಡದ ತಗ್ಗು

"ಗೆರೆನ ಇಲ್ಲಿಂದ ಈಚೆಗೆ ತಿರುಗಿಸು," ಎಂದು ಮೈರಿಗ್ ಮಗಳ ಫೋನಿನಲ್ಲಿದ್ದ ಬೆಟ್ಟದ ನಕ್ಷೆಯ ಮೇಲೆ ಮಣ್ಣು ಮೆತ್ತಿದ ಬೆರಳಿಟ್ಟ.

"ಯಾಕಪ್ಪಾ?" ಲೊವ್ರಿ ಫೋನನ್ನು ಅಂಗಿಗೆ ಒರೆಸಿಕೊಂಡಳು. "ಇಡೀ ಬೆಟ್ಟದಲ್ಲಿ ಒಳ್ಳೆ ಹುಲ್ಲಿರೋದೇ ಆ ತಗ್ಗಲ್ಲಿ. ಅದನ್ನೇ ಹೊರಗೆ ಬಿಟ್ರೆ ಕುರಿ ಏನು ಕಲ್ಲು ತಿನ್ನತ್ತಾ?"

"ನಮ್ಮ ಕುರಿ ಅಲ್ಲಿಗೆ ಹೋಗಲ್ಲ."

"ಹೋಗಲ್ಲ ಅಂತ ಕುರಿ ಹೇಳ್ತೋ, ನೀನು ಹೇಳ್ತಿದ್ದೀಯೋ?"

ಮೈರಿಗ್ ಹೆಂಡತಿಯ ಕಡೆ ನೋಡಿದ. ಹೈಲ್ವೆನ್ ಕೊನೆಯ ಕುರಿಯನ್ನು ಮೊಣಕಾಲುಗಳ ನಡುವೆ ಹಿಡಿದು ಅದರ ಕೊರಳಿಗೆ ಹೊಸ ಪಟ್ಟಿ ಬಿಗಿಯುತ್ತಿದ್ದಳು. ಅವಳು ತಲೆ ಎತ್ತಲಿಲ್ಲ.

ವೇಲ್ಸ್‌ನ ಆ ಬೆಟ್ಟಕ್ಕೆ ಬೇಲಿ ಎಂಬುದೇ ಇಲ್ಲ. ತಮ್ಮ ಮನೆಯ ಹಿಂಡು ಎಲ್ಲಿಯವರೆಗೆ ಮೇಯಬಹುದೆಂದು ತಾಯಿ ಮರಿಗೆ ಕಲಿಸುತ್ತದೆ, ಆ ಮರಿ ಬೆಳೆದು ತನ್ನ ಮರಿಗೆ ಕಲಿಸುತ್ತದೆ. ಹಾಗೆ ಕಲಿತ ಹಿಂಡನ್ನು ಮಾರಿಕೊಂಡವನ ಕಥೆ ಮುಗಿದಂತೆಯೇ. ಮತ್ತೆ ಸಂತೆಯಿಂದ ಕೊಂಡು ತಂದ ಕುರಿ ಗಡಿ ತಿಳಿಯದೆ ಒಂದೇ ವಾರದಲ್ಲಿ ದಿಕ್ಕಾಪಾಲಾಗಿ ಓಡುತ್ತದೆ. ಈಗ ಮೈರಿಗ್‌ನ ಮನೆಗೆ ಬಂದೊದಗಿದ್ದೂ ಅದೇ ಸಂಕಟ. ಬೆಟ್ಟದ ಒಂದು ಮಗ್ಗುಲಲ್ಲಿ ಜರಿಗಿಡ ಹಬ್ಬಿ ಹುಲ್ಲನ್ನು ನುಂಗಿಬಿಟ್ಟಿತ್ತು. ಅದನ್ನು ಕಡಿದು ಮತ್ತೆ ಹುಲ್ಲು ಚಿಗುರುವವರೆಗೆ ಹಿಂಡಿಗೆ ಬೇರೆ ಮೇವು ಬೇಕು, ಇಲ್ಲವಾದರೆ ಅರ್ಧ ಹಿಂಡು ಮಾರಬೇಕು. ಗೆರೆಯ ಹತ್ತಿರ ಬಂದ ಕುರಿಯನ್ನು ಪೀಪೀ ಎಂದು ಕೂಗಿ ಎಚ್ಚರಿಸುವ ಪಟ್ಟಿಗಳನ್ನು ತರಿಸಿದವಳು ಲೊವ್ರಿ. ಗೆರೆಯನ್ನು ಫೋನಿನಲ್ಲೇ ಎಳೆಯಬಹುದು, ಅಳಿಸಬಹುದು. ಹೊಸ ಕೊಟ್ಟಿಗೆಯನ್ನು ಮೂವರೂ ಕೈಯಾರೆ ಕಟ್ಟಿದಂತೆಯೇ ಇದಕ್ಕೂ ಮೂವರೂ ಸೊಂಟ ಕಟ್ಟಿ ನಿಂತಿದ್ದರು. ತಗ್ಗಿನ ಮಾತು ಬರುವವರೆಗೆ ಎಲ್ಲವೂ ಸುಸೂತ್ರವಾಗಿತ್ತು.

ಆ ತಗ್ಗಿನಲ್ಲೇ ನಾಲ್ಕು ಗಾಲಿಯ ಬೈಕು ಮಗುಚಿ ಗೆತಿನ್ ತೀರಿಕೊಂಡದ್ದು. ಅವನು ಮೈರಿಗ್‌ನ ಮೊದಲ ಮಗ, ಮೀಸೆ ಚಿಗುರುತ್ತಿದ್ದ ಹುಡುಗ. ಲೊವ್ರಿ ಆಗಿನ್ನೂ ಅಂಬೆಗಾಲಿಡುತ್ತಿದ್ದಳು. ಅಂದಿನಿಂದ ಒಂದು ಕುರಿ ಅಲ್ಲಿ ಇಳಿದರೂ ಮೈರಿಗ್ ನಾಯಿ ಛೂ ಬಿಟ್ಟು ಓಡಿಸುತ್ತಿದ್ದ. ಹೈಲ್ವೆನ್‌ಗಾಗಿ ಎಂದು ಅವನು ತನಗೆ ತಾನೇ ಹೇಳಿಕೊಂಡಿದ್ದ, ಅವಳಿಗೆ ಹೇಳಿರಲಿಲ್ಲ. ಓಡಿಸಿಕೊಂಡ ಕುರಿಗಳು ಮುದಿಯಾಗಿ ಹೋದವು, ಓಡಿಸಿದ ನಾಯಿಗಳೂ ಹೋದವು. ಈಗಿನ ಕುರಿಗಳನ್ನು ಯಾರೂ ಓಡಿಸಿದ್ದಿಲ್ಲ. ಆದರೂ ತಗ್ಗಿನ ಅಂಚಿಗೆ ಬಂದರೆ ತಾವಾಗಿಯೇ ತಿರುಗುತ್ತಿದ್ದವು.

"ಅಣ್ಣ ಬಿದ್ದಿದ್ದು ಅಲ್ಲೇ ಅಂತ ನನಗೂ ಗೊತ್ತಪ್ಪಾ," ಲೊವ್ರಿಯ ದನಿ ಮೆತ್ತಗಾಯಿತು. "ಆದ್ರೆ ಹಿಂಡೇ ಹೋದ್ಮೇಲೆ ಈ ಬೆಟ್ಟ ಇಟ್ಕೊಂಡು ಏನು ಮಾಡೋಣ?"

"ನಿಮ್ಮಮ್ಮನ್ನ ಕೇಳು." ಅವಳು ಒಲ್ಲೆ ಎನ್ನುವುದರಲ್ಲಿ ಅವನಿಗೆ ಸಂಶಯವೇ ಇರಲಿಲ್ಲ.

ಹೈಲ್ವೆನ್ ಕುರಿಯನ್ನು ಬಿಟ್ಟು, ಸೊಂಟ ಹಿಡಿದುಕೊಂಡು ಎದ್ದಳು. "ತಗ್ಗನ್ನೂ ಗೆರೆ ಒಳಗೆ ಸೇರಿಸು," ಎಂದಳು ಮಗಳಿಗೆ.

ಹಿಂಡು ಬೆಟ್ಟ ಹತ್ತಿತು. ತಗ್ಗಿನ ಅಂಚಿನಲ್ಲಿ ಮುಂದಿನ ಕುರಿಗಳು ಗಕ್ಕನೆ ನಿಂತವು, ಹಿಂದಿನವು ಅವಕ್ಕೆ ಬಂದು ಗುದ್ದಿದವು. ಮೈರಿಗ್ ಸಿಳ್ಳೆ ಹಾಕಿದ. ಮೋಟ್ ಎಂಬ ಅವನ ನಾಯಿ ಬಳಸಿ ಓಡಿ ಅಟ್ಟಿತು. ಕುರಿಗಳು ಎಡಕ್ಕೆ ಚದುರಿದವು, ಬಲಕ್ಕೆ ಚದುರಿದವು, ಕೆಳಕ್ಕೆ ಮಾತ್ರ ಒಂದೂ ಇಳಿಯಲಿಲ್ಲ.

"ನೋಡಿದ್ರಾ? ನಾನು ಹೇಳಲಿಲ್ವಾ!" ಮೈರಿಗ್‌ನ ದನಿಯಲ್ಲಿ ಗೆದ್ದವನ ಬಿಂಕವಿರಲಿಲ್ಲ, ಬದುಕಿಕೊಂಡೆ ಎಂಬ ನಿರಾಳವಿತ್ತು.

"ನಿನ್ನ ಪಟ್ಟಿ ಏನು ಮಾಡತ್ತೆ ಈಗ?" ಹೈಲ್ವೆನ್ ಮಗಳನ್ನು ಕೇಳಿದಳು.

"ಹೊರಗೆ ಹೋಗ್ಬೇಡ ಅಂತ ಕೂಗತ್ತೆ ಅಷ್ಟೇ ಅಮ್ಮಾ. ಒಳಗೆ ಬಾ ಅಂತ ಕರೆಯೋಕೆ ಅದಕ್ಕೆ ಬರಲ್ಲ."

ಹೈಲ್ವೆನ್ ಹೆಗಲಲ್ಲಿದ್ದ ಕಾಳಿನ ಚೀಲವನ್ನು ಇಳಿಸಿ ಗಂಡನ ಮುಂದೆ ಹಿಡಿದಳು. "ತಗೋ ಮೈರಿಗ್. ನೀನೇ ಕಲಿಸಿದ್ದು, ನೀನೇ ಮರೆಸು."

"ನನ್ನ ಕೈಲಾಗಲ್ಲ ಕಣೇ."

"ಗೊತ್ತು. ಹೋಗು."

ಅವನು ಇಳಿದ. ಇಷ್ಟು ವರ್ಷಗಳಲ್ಲಿ ಅವನೂ ಅಲ್ಲಿ ಕಾಲಿಟ್ಟಿರಲಿಲ್ಲ. ಒದ್ದೆ ಹುಲ್ಲು ಮೊಣಕಾಲಿಗೆ ತಾಗಿತು. ನಡುವೆ ನಿಂತು ಚೀಲ ಅಲುಗಿಸಿ ಕರೆದ. ಎರಡನೆಯ ಸಲ ಇನ್ನೂ ಜೋರಾಗಿ ಕರೆದ. ಮೇಲೆ ಒಂದು ಮುದಿ ಕುರಿ ಮುಂಗಾಲು ಕೆಳಗಿಟ್ಟಿತು, ತೆಗೆಯಿತು, ಮತ್ತೆ ಇಟ್ಟಿತು. ಆಮೇಲೆ ಅದು ಇಳಿದೇ ಬಿಟ್ಟಿತು. ಅದರ ಬೆನ್ನಿಗೆ ಮರಿ, ಮರಿಯ ಬೆನ್ನಿಗೆ ಇನ್ನೊಂದು, ಹೀಗೆ ಹಿಂಡೆಲ್ಲ ಇಳಿಯತೊಡಗಿತು. ಮೈರಿಗ್ ಕಾಳು ಚೆಲ್ಲುವುದನ್ನೂ ಮರೆತು ನಿಂತಿದ್ದ. ಕಣ್ಣು ತುಂಬಿ ಅವನಿಗೆ ಕುರಿಗಳೆಲ್ಲ ಕಲಸಿದಂತೆ ಕಂಡವು.

ಹೈಲ್ವೆನ್ ಬಂದು ಪಕ್ಕದಲ್ಲಿ ನಿಂತಳು. ಕುರಿಗಳು ಹುಲ್ಲು ಕೀಳುವ ಸದ್ದು ಸುತ್ತಲೂ ಕೇಳುತ್ತಿತ್ತು.

"ಮನೆ ಕಿಟಕಿಯಿಂದ ಇದು ಕಾಣತ್ತಲ್ಲ," ಎಂದ ಮೈರಿಗ್. "ಇಲ್ಲಿ ಏನಾದ್ರೂ ಓಡಾಡ್ತಿದ್ರೆ ನೀನು ಈ ಕಡೆ ನೋಡ್ತೀಯ, ನೋಡಿದ್ರೆ ಅಳ್ತೀಯ ಅಂತ ಓಡಿಸ್ತಿದ್ದೆ."

"ನಾನು ದಿನಾ ನೋಡ್ತಿದ್ದೆ," ಎಂದಳು ಹೈಲ್ವೆನ್. "ಕುರಿ ಅಂದ್ರೆ ಜೀವ ಅವನಿಗೆ. ಒಂದು ಕುರೀನೂ ಹತ್ರ ಸುಳಿಯದ ಹಾಗೆ ಮಾಡಿ, ಇಷ್ಟು ವರ್ಷ ನನ್ನ ಮಗನ್ನ ಇಲ್ಲಿ ಒಬ್ಬನ್ನೇ ಬಿಟ್ಟಿದ್ದೆ ನೀನು."